ಕೀ ಕೊಡದ ಮೇಡಂ

ಮೇಡಂ ಬಗ್ಗುವಾಗ ಕಣ್ಣು ಮುಚ್ಚುತ್ತಿದ್ದರು. ತಲೆಗೆ ಸೋಪು ಹಾಕಿಸಿಕೊಳ್ಳುವ ಮಕ್ಕಳು ಮುಚ್ಚುತ್ತಾರಲ್ಲ, ಅಷ್ಟು ಬಿಗಿಯಾಗಿ, ಮೂಗಿನ ಮೇಲೆ ಸುಕ್ಕು ಬೀಳುವ ಹಾಗೆ. ಒಂದು ಸಲ ಜಯನಗರದ ಮಾರ್ಕೆಟ್ಟಿನಲ್ಲಿ ಅವರ ಚೀಲದಿಂದ ನಿಂಬೆಹಣ್ಣೊಂದು ಜಾರಿ ನೆಲಕ್ಕೆ ಬಿತ್ತು. ಮೇಡಂ ತಟ್ಟನೆ ಅದಕ್ಕೆ ಬೆನ್ನು ಹಾಕಿ ನಿಂತರು, ಕಣ್ಣು ಮುಚ್ಚಿದರು, ಹಾಗೇ ಕುಕ್ಕರುಗಾಲಲ್ಲಿ ಕೂತು ಕೈ ಹಿಂದಕ್ಕೆ ಚಾಚಿ ನೆಲ ತಡಕಾಡಿದರು. ತರಕಾರಿಯವನು ಗಾಬರಿಯಾಗಿ ತಕ್ಕಡಿ ಬಿಟ್ಟು ಎದ್ದುಬಂದ. "ಯಾಕಮ್ಮಾ, ತಲೆ ಸುತ್ತು ಬಂತಾ? ನೀರು ಕೊಡ್ಲಾ?" ಮೇಡಂ ಹಣ್ಣನ್ನು ಚೀಲಕ್ಕೆ ಹಾಕಿಕೊಂಡು, ಎದ್ದು ನಿಂತು, ಆಮೇಲೆ ಕಣ್ಣು ಬಿಟ್ಟರು. "ಏನಿಲ್ಲಪ್ಪ, ಕೆಲಸದ ಅಭ್ಯಾಸ" ಅಂದರು. ಅದ್ಯಾವ ಕೆಲಸ ಅಂತ ಅವನು ಕೇಳಲಿಲ್ಲ. ನಾನು ಪಕ್ಕದಲ್ಲಿ ಕೊತ್ತಂಬರಿ ಕಟ್ಟು ಹಿಡಿದುಕೊಂಡು ನಗು ತಡೆಯಲಾಗದೆ ಒದ್ದಾಡುತ್ತಿದ್ದೆ.

ಕೆಲಸ ಅಂದರೆ ಲೇಸರ್. ಜೆ.ಪಿ. ನಗರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮೇಡಂ ವಿಜ್ಞಾನಿ, ಜೊತೆಗೆ ಅಲ್ಲಿಯ ಲೇಸರ್ ಸುರಕ್ಷತೆಯ ಅಧಿಕಾರಿ. ಸಂಸ್ಥೆಯ ಹೆಸರು ಹೇಳುವುದಿಲ್ಲ. ಹೆದರಿ ಅಲ್ಲ, ಅವರಿಗೆ ಪುಕ್ಕಟೆ ಪ್ರಚಾರ ಯಾಕೆ ಕೊಡಬೇಕು ಅಂತ. ಅಲ್ಲಿ ನಾನು ಪಿಎಚ್‌ಡಿಗೆ ಸೇರಿದ್ದೆ. ನಮ್ಮ ಲ್ಯಾಬಿನಲ್ಲಿ ಕಿರಣ ಹರಿಯುತ್ತಿದ್ದದ್ದು ಮೇಜಿನಿಂದ ಗೇಣುದ್ದ ಮೇಲೆ. ನಿಂತಿದ್ದರೆ ಕಣ್ಣು ಅದಕ್ಕಿಂತ ಎತ್ತರದಲ್ಲಿರುತ್ತದೆ. ಬಿದ್ದ ಸ್ಕ್ರೂ ಎತ್ತಿಕೊಳ್ಳಲು ಬಗ್ಗಿದಿರೋ, ಕಣ್ಣು ಸರಿಯಾಗಿ ಕಿರಣದ ಮಟ್ಟಕ್ಕೇ ಬರುತ್ತದೆ. ಅದಕ್ಕೇ ಮೇಡಂ ಎಲ್ಲರಿಗೂ ಕಲಿಸುತ್ತಿದ್ದದ್ದು: ಬೆನ್ನು ತಿರುಗಿಸು, ಕಣ್ಣು ಮುಚ್ಚು, ಆಮೇಲೆ ಬಗ್ಗು. ವರ್ಷಗಟ್ಟಲೆ ಹಾಗೆ ಮಾಡಿ ಮಾಡಿ ಅದು ಅವರ ಮೈಗೇ ಹತ್ತಿತ್ತು.

ಅವರ ಕೈ ಬೋಳು. ಬಳೆ ಇಲ್ಲ, ಉಂಗುರ ಇಲ್ಲ, ವಾಚಿಲ್ಲ. ಹೊಳೆಯುವುದು ಯಾವುದಾದರೂ ಕಿರಣಕ್ಕೆ ಅಡ್ಡ ಬಂದರೆ ಕಿರಣ ಎಲ್ಲಿಗೆ ಚಿಮ್ಮುತ್ತದೋ ಹೇಳಲಾಗುವುದಿಲ್ಲ. ಲ್ಯಾಬಿನ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಅವರದೊಂದು ಹಳೇ ಒಗ್ಗರಣೆ ಡಬ್ಬಿ ಇರುತ್ತಿತ್ತು. ಒಳಗೆ ಹೋಗುವವರೆಲ್ಲ ಮೈಮೇಲಿನದನ್ನು ಅದರಲ್ಲಿ ಬಿಚ್ಚಿಟ್ಟು ಹೋಗಬೇಕು. ಸಾಸಿವೆ ಬಟ್ಟಲಲ್ಲಿ ಯಾರದೋ ನಿಶ್ಚಿತಾರ್ಥದ ಉಂಗುರ, ಜೀರಿಗೆ ಬಟ್ಟಲಲ್ಲಿ ವಾಚು, ಮೆಂತ್ಯದ ಬಟ್ಟಲಲ್ಲಿ ನನ್ನ ಬಳೆ. ಮದುವೆಯಾದ ಹೊಸದರಲ್ಲಿ ಬರಿಗೈ ನೋಡಿ ಅವರ ಅತ್ತೆ ರಂಪ ಮಾಡಿದ್ದರಂತೆ. ಮುತ್ತೈದೆ ಹೀಗಿರಬಾರದು, ಅಪಶಕುನ ಅಂತ. ಮೇಡಂ ಕೊಟ್ಟ ಉತ್ತರವನ್ನು ಅವರೇ ನನಗೆ ಹೇಳಿದ್ದರು: "ಅತ್ತೆ, ನಿಮ್ಮ ಮಗನಿಗೆ ಏನೂ ಆಗಲ್ಲ, ಗುಂಡುಕಲ್ಲಿನ ಹಾಗಿದಾರೆ. ನಾನು ಬಳೆ ಹಾಕ್ಕೊಂಡ್ರೆ ಬೇರೆಯವರ ಮಕ್ಕಳಿಗೆ ಏನಾದ್ರೂ ಆಗುತ್ತೆ." ಅತ್ತೆ ಒಂದು ವಾರ ಮಾತು ಬಿಟ್ಟರಂತೆ. ಆಮೇಲೆ ಅವರೇ ಒಗ್ಗರಣೆ ಡಬ್ಬಿ ಕೊಟ್ಟು ಕಳಿಸಿದರಂತೆ.

ನಾನು ಉತ್ತರಹಳ್ಳಿಯವಳು. ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅಪ್ಪ ಮೂರಂತಸ್ತು ಎಬ್ಬಿಸಿ ಬಾಡಿಗೆಗೆ ಬಿಟ್ಟಿದ್ದಾರೆ. ಮಗಳು 'ಡಾಕ್ಟರ್' ಆಗುತ್ತಾಳೆ ಅಂತ ಅಪ್ಪ ಬೀದಿಗೆಲ್ಲ ಹೇಳಿಕೊಂಡು ಬಂದು, ಕೆಳಗಿನ ಅಂಗಡಿಯವರು ನನ್ನ ಹತ್ತಿರ ಮಂಡಿನೋವಿಗೆ ಮಾತ್ರೆ ಕೇಳುವ ಹಾಗಾಗಿತ್ತು. ಸೇರಿದ ಮೊದಲ ದಿನ ಮೇಡಂ ನನ್ನನ್ನು ಮೇಜಿನ ಮುಂದೆ ನಿಲ್ಲಿಸಿದರು. ಕಣ್ಣಿಗೆ ಗಾಗಲ್ಸ್ ಹಾಕಿಸಿದರು. ಹಾಕಿಸುವ ಮೊದಲು ಅದರ ಅಂಚಿನಲ್ಲಿ ಬರೆದಿದ್ದ ಅಂಕಿಯನ್ನು ಗಟ್ಟಿಯಾಗಿ ಓದಿಸಿದರು, ಯಾಕಂದರೆ ಒಂದು ಲೇಸರಿನ ಗಾಗಲ್ಸ್ ಇನ್ನೊಂದಕ್ಕೆ ಆಗುವುದಿಲ್ಲ. "ಮೇಜಿನ ಮೇಲೆ ಏನು ಕಾಣ್ತಿದೆ?" ಅಂದರು. ಕನ್ನಡಿಗಳು, ಮಸೂರಗಳು, ಇನ್ನೇನೂ ಇಲ್ಲ ಅಂದೆ. ಮೇಡಂ ಇಕ್ಕಳದಲ್ಲಿ ಒಂದು ಕರಿ ಕಾಗದದ ಚೂರು ಹಿಡಿದು ಆ ಖಾಲಿ ಜಾಗಕ್ಕೆ ತಂದರು. ಕಾಗದದಿಂದ ಹೊಗೆ ಎದ್ದಿತು, ನಡುವೆ ತೂತು ಬಿತ್ತು. "ಈಗ ಹೇಳು, ಏನಿದೆ ಅಲ್ಲಿ?" ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಇದು ಕಣ್ಣಿಗೆ ಕಾಣಲ್ಲ ಕಣೇ. ಕಾಣೋದಾದ್ರೆ ಯಾರಾದ್ರೂ ಹೆದರ್ತಾರೆ. ಕಾಣದೆ ಇರೋದಕ್ಕೆ ಹೆದರೋಕೆ ಕಲಿಬೇಕು. ಜಯನಗರ ಫೋರ್ತ್ ಬ್ಲಾಕ್ ಶಾಪಿಂಗ್ ಕಾಂಪ್ಲೆಕ್ಸಲ್ಲಿ ಎಲ್ಲಾ ಸಿಗುತ್ತೆ, ಕಣ್ಣು ಸಿಗಲ್ಲ."

ಈ ಮಾತನ್ನು ಅವರು ಎಷ್ಟು ಸಲ ಹೇಳುತ್ತಿದ್ದರೆಂದರೆ ನಾವು ಹಿಂದಿನಿಂದ ಅಣಕಿಸುತ್ತಿದ್ದೆವು. ಅವರಿಗೂ ಗೊತ್ತಿತ್ತು. "ಅಣಕಿಸಿ, ಬಾಯಿಪಾಠ ಆಗಲಿ" ಅನ್ನುತ್ತಿದ್ದರು. ನಾನು ಪ್ರತಿಯೊಂದಕ್ಕೂ ಯಾಕೆ, ಏನು ಅಂತ ವಾದಕ್ಕೆ ನಿಲ್ಲುತ್ತಿದ್ದೆ. ಬೇರೆಯವರಾಗಿದ್ದರೆ ಬಾಯಿ ಮುಚ್ಚಿಸುತ್ತಿದ್ದರು. ಮೇಡಂ ಮಾತ್ರ, "ನೀನು ಜಗಳಗಂಟಿ. ಮುಂದೆ ಉಪಯೋಗಕ್ಕೆ ಬರ್ತೀಯ" ಅಂದಿದ್ದರು.

ಲೇಸರ್ ಶುರುವಾಗುವುದಕ್ಕೆ ಒಂದು ಕೀ ಬೇಕು, ಸ್ಕೂಟರಿನದರಷ್ಟೇ ಇರುತ್ತದೆ. ಅದಿಲ್ಲದೆ ಮೆಷಿನ್ ಮಿಸುಕುವುದಿಲ್ಲ. ಕೆಲಸ ಮುಗಿದ ಮೇಲೆ ಮೇಡಂ ಅದನ್ನು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ಹೋಗುತ್ತಿದ್ದರು. ಇನ್ನೊಂದು ಕೀ ಡೈರೆಕ್ಟರ್ ಸಾಹೇಬರ ಡ್ರಾಯರಿನಲ್ಲಿತ್ತು, ಆಪತ್ತಿಗೆ ಇರಲಿ ಅಂತ. ಬಾಗಿಲ ಚೌಕಟ್ಟಿನಲ್ಲಿ ಒಂದು ಪುಟ್ಟ ಸ್ವಿಚ್ಚಿತ್ತು. ಫ್ರಿಜ್ ಬಾಗಿಲು ತೆಗೆದರೆ ಲೈಟು ಹತ್ತುತ್ತದಲ್ಲ, ಇದು ಅದರ ಉಲ್ಟಾ. ಬಾಗಿಲು ತೆಗೆದ ಕೂಡಲೇ ಕಿರಣ ತಾನಾಗಿ ನಿಲ್ಲಬೇಕು. ಬಾಗಿಲ ಮೇಲೊಂದು ಕೆಂಪು ದೀಪ. ಅದು ಹತ್ತಿದ್ದರೆ ಒಳಗೆ ಲೇಸರ್ ಓಡುತ್ತಿದೆ ಅಂತ ಅರ್ಥ, ಗಾಗಲ್ಸ್ ಇಲ್ಲದೆ ಹೆಜ್ಜೆ ಇಡುವ ಹಾಗಿಲ್ಲ. ಇಷ್ಟೇ ವ್ಯವಸ್ಥೆ. ಇಷ್ಟನ್ನು ಇದ್ದ ಹಾಗೆ ಬಿಟ್ಟಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಆಯುಧಪೂಜೆ ಬಂತು. ಬೆಂಗಳೂರಿನಲ್ಲಿ ಆಯುಧಪೂಜೆಯ ದಿನ ಕುಂಕುಮ ಬೀಳದ ಯಂತ್ರವೇ ಇಲ್ಲ. ಆಟೋ, ಬಸ್ಸು, ಹಿಟ್ಟಿನ ಗಿರಣಿ, ಜೆರಾಕ್ಸ್ ಮೆಷಿನ್ನು ಎಲ್ಲಕ್ಕೂ ಹೂವು, ಬಾಳೆಕಂದು. ಲೇಸರ್ ಏನು ಪಾಪ ಮಾಡಿತ್ತು? ಮೇಡಂಗೂ ಪೂಜೆಯ ಬಗ್ಗೆ ತಕರಾರಿರಲಿಲ್ಲ, ಸಂಭ್ರಮವೇ. ಹಿಂದಿನ ದಿನ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು, "ಪೂಜೆ ಬಾಗಿಲಿಗೆ ಮಾಡಿ. ಒಳಗೆ ಹೋಗಿ ಮೆಷಿನ್ನಿಗೆ ಒಂದು ಬೊಟ್ಟಿಟ್ಟು ಈಚೆ ಬನ್ನಿ. ಮೇಜಿನ ಮೇಲೆ ತಟ್ಟೆ ಗಿಟ್ಟೆ ಇಡಕೂಡದು. ಮೆಷಿನ್ ಆಫ್ ಇರುತ್ತೆ, ಕೀ ನನ್ನ ಹತ್ರ ಇರುತ್ತೆ." ಹಬ್ಬದ ಬೆಳಿಗ್ಗೆ ಅವರ ಮನೆಯಲ್ಲೂ ಪೂಜೆ, ಅದನ್ನು ಮುಗಿಸಿಕೊಂಡು ಮಧ್ಯಾಹ್ನ ಬರುತ್ತೇನೆ ಅಂದರು.

ಅವರು ಬರುವುದರೊಳಗೆ ಡೈರೆಕ್ಟರ್ ಸಾಹೇಬರ ಅತಿಥಿಗಳು ಬಂದರು, ಸಂಸ್ಥೆಗೆ ಅನುದಾನ ಕೊಡುವ ಕಡೆಯವರು. ಪೂಜೆಗೆ ಬಂದವರಿಗೆ ಬರೀ ಪೆಟ್ಟಿಗೆ ತೋರಿಸುವುದು ಹೇಗೆ? ಸಾಹೇಬರು ಡ್ರಾಯರಿನ ಕೀ ತರಿಸಿದರು. ಅಷ್ಟೂ ಜನ ಬಾಗಿಲಲ್ಲಿ ನಿಂತು ನೋಡಬೇಕಲ್ಲ, ಬಾಗಿಲು ತೆರೆದಿದ್ದರೆ ಕಿರಣ ನಿಲ್ಲುತ್ತದೆ. ಅದಕ್ಕೆ ಚೌಕಟ್ಟಿನ ಸ್ವಿಚ್ಚಿಗೆ ಟೇಪ್ ಅಂಟಿಸಿದರು. ಬಾಗಿಲು ಮುಚ್ಚಿದೆ ಅಂತ ಮೆಷಿನ್ ನಂಬಿಕೊಂಡಿತು. ಮೆಷಿನ್ನಿನ ಮುಚ್ಚಳ ತೆಗೆದಾಗ, ಕಾಣದ ಕಿರಣವನ್ನು ಹುಟ್ಟಿಸುವ ಒಳಗಿನ ಹಸಿರು ಬೆಳಕು ಕಂಡು ಎಲ್ಲರೂ ಆಹಾ ಅಂದರಂತೆ. ಆರತಿ ಎತ್ತಿದರು, ಫೋಟೋ ತೆಗೆದರು, ಕುಂಬಳಕಾಯಿ ಒಡೆದರು, ಊಟಕ್ಕೆ ಹೋದರು. ಹೋಗುವಾಗ ಮುಚ್ಚಳ ಮುಚ್ಚಿದರು, ಮೆಷಿನ್ ಮಾತ್ರ ಆರಿಸಲಿಲ್ಲ. ಆ ಕಾಣದ ಕಿರಣ ಮೇಜಿನ ಮೇಲೆ ಹರಿಯುತ್ತಲೇ ಇತ್ತು. ಆರತಿ ತಟ್ಟೆಯನ್ನೂ ಮೇಜಿನ ಮೇಲೇ ಬಿಟ್ಟಿದ್ದರು, ಫಳಫಳ ಬೆಳಗಿದ ಹಿತ್ತಾಳೆ ತಟ್ಟೆ.

ಅಷ್ಟು ಹೊತ್ತೂ ನಾನು ಮೇಲಿನ ಮಹಡಿಯಲ್ಲಿ ಕಡ್ಲೆಪುರಿ ಹಂಚುತ್ತಿದ್ದೆ. ಆಫೀಸಿನವರೊಬ್ಬರು, "ಆರತಿ ತಟ್ಟೆ ಲೇಸರ್ ಲ್ಯಾಬಲ್ಲೇ ಉಳ್ಕೊಂಡಿದೆ, ತಂದ್ಬಿಡಮ್ಮ" ಅಂದರು. ಇಳಿದು ಬಂದೆ. ಬಾಗಿಲು ತೆರೆದೇ ಇತ್ತು. ಬಾಗಿಲು ತೆರೆದಿದೆ ಅಂದರೆ ಕಿರಣ ಇಲ್ಲ ಅಂತಲೇ ನಾವು ಕಲಿತದ್ದು. ಮೇಲೆ ನೋಡಿದೆ, ಕೆಂಪು ದೀಪ ಹತ್ತಿರಲಿಲ್ಲ. ಹತ್ತಿತ್ತು ಅಂತ ಆಮೇಲೆ ಗೊತ್ತಾಯಿತು, ಅದರ ಮೇಲೆ ದಪ್ಪನೆಯ ಚೆಂಡುಹೂವಿನ ಹಾರ ಇಳಿಬಿಟ್ಟಿದ್ದರು. ಒಳಗೆ ಹೋಗಿ ತಟ್ಟೆ ಎತ್ತಿದೆ.

ಕಣ್ಣೊಳಗೆ ಟಪ್ ಅಂತ ಒಂದು ಸದ್ದು. ನೋವಿಲ್ಲ, ಏನೂ ಇಲ್ಲ. ಬಲಗಣ್ಣಿನ ನಡುವೆ ಒಂದು ಮಬ್ಬು ಚುಕ್ಕೆ ಬಂದು ಕೂತಿತು. ಎಲ್ಲಿ ನೋಡಿದರೆ ಅಲ್ಲಿ, ನೋಡಬೇಕಾದ್ದರ ಮೇಲೆಯೇ. ತಟ್ಟೆ ಕೈಬಿಟ್ಟೆ. ಅದು ನೆಲದ ಮೇಲೆ ಠಣಠಣ ಕುಣಿಯುತ್ತಿರುವಾಗ ನನಗೆ ಎಲ್ಲ ಅರ್ಥವಾಗಿ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ಕೂತುಬಿಟ್ಟೆ. ಕೂತಲ್ಲೇ ಕಿರುಚಿದೆ.

ಆ ಕಿರುಚಾಟಕ್ಕೆ ಮೊದಲು ಓಡಿಬಂದವರು ಮೇಡಂ. ಆಗಷ್ಟೇ ಗೇಟಿನಲ್ಲಿ ಆಟೋ ಇಳಿದಿದ್ದರಂತೆ, ರೇಷ್ಮೆ ಸೀರೆಯಲ್ಲೇ ಬಂದಿದ್ದರು. ಮೆಷಿನ್ ಆರಿಸಿ, ಅದರಲ್ಲಿದ್ದ ಎರಡನೇ ಕೀ ಕಿತ್ತು ಸೆರಗಿಗೆ ಕಟ್ಟಿ, ನನ್ನನ್ನು ಅದೇ ಆಟೋದಲ್ಲಿ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ನಾನು, "ಸರಿಹೋಗುತ್ತಾ ಮೇಡಂ, ಸರಿಹೋಗುತ್ತಾ" ಅಂತ ಬಡಬಡಿಸುತ್ತಿದ್ದೆ. ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಗೊತ್ತಿಲ್ಲ ಕಣೇ. ಗೊತ್ತಿಲ್ಲದೆ ನಿನಗೆ ಸಮಾಧಾನ ಹೇಳಲ್ಲ. ಜೊತೆಗಿರ್ತೀನಿ" ಅಂದರು. ಡಾಕ್ಟರು ಕಣ್ಣಿಗೆ ಹನಿ ಹಾಕಿ, ದೀಪ ಬಿಟ್ಟು ನೋಡಿ, ನೋಟದ ನಡುಭಾಗವೇ ಸುಟ್ಟಿದೆ, ಹೋದದ್ದು ವಾಪಸ್ ಬರುವುದಿಲ್ಲ ಅಂದರು. ಆಗ ಮೇಡಂ ಅತ್ತರು. ಆಸ್ಪತ್ರೆಯ ಕಾರಿಡಾರಿನಲ್ಲಿ, ಎಲ್ಲರೆದುರು, ರೇಷ್ಮೆ ಸೀರೆ ಉಟ್ಟುಕೊಂಡು, ಚಿಕ್ಕ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಅವರು ಅಳುವುದನ್ನು ನಾನು ಕಂಡದ್ದು ಅದೊಂದೇ ಸಲ.

ಈಗಲೂ ಎಡಗಣ್ಣು ಮುಚ್ಚಿ ನಿಮ್ಮ ಮುಖ ನೋಡಿದರೆ ನನಗೆ ಕಿವಿ ಕಾಣುತ್ತದೆ, ಕೂದಲು ಕಾಣುತ್ತದೆ, ಮೂಗು ಕಾಣುವುದಿಲ್ಲ. ಅನುಕಂಪ ಬೇಡ. ಹೇಗಿದೆ ಅಂತ ಹೇಳಿದೆ ಅಷ್ಟೇ.

ಆಮೇಲೆ ನಡೆದದ್ದೇ ನಿಜವಾದ ಕತೆ. ಹಬ್ಬ ಕಳೆದ ಮೇಲೆ ಡೈರೆಕ್ಟರ್ ಸಾಹೇಬರು ಮೀಟಿಂಗ್ ಕರೆದರು. ಅವರು ಕೂಗಾಡುವ ಮನುಷ್ಯರಲ್ಲ, ಬೆಣ್ಣೆಯಂಥ ಮಾತು. ಅವರಿಗೆ ಅತಿ ಪ್ರಿಯವಾದ ಪದ 'ಅಡ್ಜಸ್ಟ್'. "ನೋಡಮ್ಮ, ಯಾರೂ ನಿನ್ನನ್ನ ಬೈತಾ ಇಲ್ಲ" ಅಂತ ಶುರುಮಾಡಿದರು. "ಗಾಗಲ್ಸ್ ಹಾಕಿರ್ಲಿಲ್ಲ, ಅಷ್ಟೇ ತಾನೆ? ಅಷ್ಟು ಒಪ್ಕೊಂಡ್ಬಿಡು, ಮುಗಿದುಹೋಗುತ್ತೆ. ಲ್ಯಾಬ್ ತೆಗೀಬಹುದು. ನಿನ್ನ ಪಿಎಚ್‌ಡಿಗೂ ತೊಂದರೆ ಆಗಲ್ಲ. ಎಲ್ಲರೂ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕು."

ಮೇಡಂ ನನ್ನ ಕಡೆ ತಿರುಗಿದರು. "ಹಾಕಿರ್ಲಿಲ್ಲ, ನಿಜ. ಯಾಕೆ ಹಾಕಿರ್ಲಿಲ್ಲ? ಅದನ್ನೂ ಹೇಳು."

ಹೇಳಿದೆ. ಬಾಗಿಲು ತೆರೆದಿತ್ತು ಸಾರ್, ತೆರೆದ ಬಾಗಿಲಲ್ಲಿ ಕಿರಣ ಇರಬಾರದು. ದೀಪ ಕಾಣಲಿಲ್ಲ ಸಾರ್, ನೀವು ಹಾಕಿಸಿದ ಹಾರ ಕಾಣಿಸಿತು. ಸಾಹೇಬರು, "ಹಬ್ಬದ ದಿನ, ಯಾರೂ ಬೇಕು ಅಂತ ಮಾಡಿದ್ದಲ್ವಲ್ಲ ಮೇಡಂ" ಅಂದರು.

"ಬೇಕು ಅಂತ ಮಾಡಿದ್ದಲ್ಲ, ಒಪ್ಪಿದೆ. ಆದ್ರೆ ಮಾಡಿದ್ದು ಇವಳಲ್ಲ. ಟೇಪ್ ಅಂಟಿಸಿದ್ರೂ ಮೋಸಹೋಗದಂಥ ಸ್ವಿಚ್ ಬಾಗಿಲಿಗೆ ಹಾಕ್ಸಿ. ದೀಪನ ಯಾರೂ ಹೂ ಮುಡಿಸೋಕಾಗದ ಜಾಗಕ್ಕೆ ತನ್ನಿ. ಇವಳ ತಪ್ಪು ಅಂತ ಇನ್ನೊಂದು ಸಲ ಯಾರೂ ಅನ್ನಬಾರದು. ಅಲ್ಲೀವರೆಗೆ ಕೀ ಎರಡೂ ನನ್ನ ಹತ್ರ ಇರುತ್ತೆ."

"ಸಂಸ್ಥೆಯ ಕೀ ಅದು, ಮೇಡಂ."

"ಕಣ್ಣು ಸಂಸ್ಥೇದಲ್ಲ ಸಾರ್" ಅಂದು ಎದ್ದು ಬಂದರು. ನಾನು ಅವರ ಹಿಂದೆಯೇ ಬಂದೆ.

ಲ್ಯಾಬಿನ ಬೀಗ ಹಾಗೇ ಉಳಿಯಿತು. ಹೊಸ ಸ್ವಿಚ್ ಹಾಕಿಸಲು ಸಾಹೇಬರು ಒಪ್ಪಲಿಲ್ಲ. ದುಡ್ಡಿನ ಪ್ರಶ್ನೆ ಅಲ್ಲ. ಹಾಕಿಸಿದರೆ ಹಳೆಯದು ಸರಿಯಿರಲಿಲ್ಲ ಅಂತ ಒಪ್ಪಿಕೊಂಡ ಹಾಗಾಗುತ್ತದಲ್ಲ. ಮೇಡಂ ಕೀ ಕೊಡಲು ಒಪ್ಪಲಿಲ್ಲ. ದೀಪಾವಳಿ ಕಳೆಯಿತು, ಚಳಿ ಶುರುವಾಯಿತು. ಜೊತೆಯ ವಿದ್ಯಾರ್ಥಿಗಳು ಮೊದಮೊದಲು ನನ್ನ ಬಗ್ಗೆ ಅಯ್ಯೋ ಅಂದರು, ಆಮೇಲೆ ಮುಖ ತಿರುಗಿಸಿದರು. ಅವರ ಪ್ರಯೋಗಗಳೂ ನಿಂತಿದ್ದವು. ಕ್ಯಾಂಟೀನಿನಲ್ಲಿ ಒಬ್ಬ, "ಮಗಾ, ಒಬ್ಬಳ ಕಣ್ಣಿಗೆ ನಮ್ಮೆಲ್ಲರ ವರ್ಷ ಹಾಳು" ಅಂದದ್ದು ಬೇಕಂತಲೇ ನನಗೆ ಕೇಳುವ ಹಾಗಿತ್ತು. ಮನೆಯಲ್ಲಿ ಅಪ್ಪ ದಿನಾ ಕೇಸ್ ಹಾಕ್ತೀನಿ ಅಂತ ಎಗರಾಡುತ್ತಿದ್ದರು, ಅಮ್ಮ ಪಿಎಚ್‌ಡಿ ಬಿಟ್ಟು ಬಾ ಅನ್ನುತ್ತಿದ್ದಳು. ಸಾಕಾಗಿ ಹೋಗಿತ್ತು. ಒಂದು ದಿನ ಮೇಡಂ ರೂಮಿಗೆ ಹೋಗಿ, "ಬಿಟ್ಬಿಡಿ ಮೇಡಂ. ನನ್ನದೇ ತಪ್ಪು ಅಂತ ಹೇಳ್ಬಿಡ್ತೀನಿ. ಲ್ಯಾಬ್ ತೆಗೀಲಿ" ಅಂದೆ.

ಅವರಿಗೆ ಅಂಥ ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ. "ಕಣ್ಣು ಹೋಯ್ತು, ಈಗ ಬುದ್ಧಿನೂ ಹೋಯ್ತಾ ನಿಂಗೆ?" ಅಂದರು. "ನಿನ್ನ ತಪ್ಪು ಅಂತ ನೀನು ಒಪ್ಕೊಂಡ್ರೆ ಬಾಗಿಲು ಸರಿಯಾಗಿತ್ತು ಅಂತಾಯ್ತು. ಆ ಟೇಪು ಅಲ್ಲೇ ಇರುತ್ತೆ. ಮುಂದಿನ ಸಲ ತಟ್ಟೆ ತರೋಕೆ ಇನ್ಯಾರೋ ಹುಡುಗಿ ಹೋಗ್ತಾಳೆ. ಅವಳು ನಿನ್ನಂಥ ಜಗಳಗಂಟಿ ಆಗಿರಲ್ಲ, ಸುಮ್ನೆ ಅತ್ಕೊಂಡು ಮನೆಗೆ ಹೋಗ್ತಾಳೆ. ಅದು ಬೇಕಾ ನಿಂಗೆ?" ಆಮೇಲೆ ದನಿ ಇಳಿಸಿ, "ಇಷ್ಟು ದಿನ ನಿಂತಿದೀಯ. ಇನ್ನು ಸ್ವಲ್ಪ ನಿಲ್ಲು ಮರಿ" ಅಂದರು. ನಾನು ಅಲ್ಲೇ ಕೂತು ಅತ್ತೆ. ಅವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು.

ಮಾರನೆಯ ದಿನದಿಂದ ಮೇಡಂ ತಮ್ಮ ಕುರ್ಚಿಯನ್ನು ಲ್ಯಾಬಿನ ಬಾಗಿಲಿಗೇ ಹಾಕಿಸಿಕೊಂಡರು. ಸಾಹೇಬರು ಬೀಗ ಒಡೆಸುತ್ತಾರೆ, ಕಂಪನಿಯಿಂದ ಹೊಸ ಕೀ ತರಿಸುತ್ತಾರೆ ಅಂತ ಸುದ್ದಿ ಇತ್ತು. ತರಿಸಲಿ, ನನ್ನನ್ನು ಎಬ್ಬಿಸಿ ಒಳಗೆ ಹೋಗಲಿ ಅಂತ ಮೇಡಂ ಕೂತರು. ಓದುವುದು ಬರೆಯುವುದು, ವಿದ್ಯಾರ್ಥಿಗಳಿಗೆ ಪಾಠ, ಎಲ್ಲ ಅಲ್ಲೇ. ಅವರೆಕಾಯಿ ಕಾಲ ಬೇರೆ. ಮಧ್ಯಾಹ್ನದ ಹೊತ್ತಿಗೆ ನೆನೆಸಿದ ಅವರೆಕಾಳಿನ ಪಾತ್ರೆ ತೊಡೆಯ ಮೇಲಿಟ್ಟುಕೊಂಡು ಹಿತಕುತ್ತಾ ಕೂರುತ್ತಿದ್ದರು. "ಕೈ ಖಾಲಿ ಇದ್ರೆ ಸಿಟ್ಟು ಜಾಸ್ತಿ ಆಗುತ್ತೆ" ಅನ್ನುತ್ತಿದ್ದರು. ನಾನೂ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ. ಕಾರಿಡಾರೆಲ್ಲ ಅವರೆಕಾಯಿ ಸೊಗಡಿನ ಘಮ.

ಹೀಗೆ ಕೂತಿರುವಾಗಲೇ ಒಂದು ಮಧ್ಯಾಹ್ನ ಸಾಹೇಬರು ಅದೇ ಅನುದಾನದವರನ್ನು ಕರೆದುಕೊಂಡು ಬಂದುಬಿಟ್ಟರು. ಆಯುಧಪೂಜೆಯ ಫೋಟೋದಲ್ಲಿದ್ದ ಹಿರಿಯರೊಬ್ಬರು ಮುಂದಿದ್ದರು. ಮೇಡಂ ಏಳಲಿಲ್ಲ. ಅವರು ಒತ್ತಿದ ಕಾಳೊಂದು ಪುಳಕ್ಕನೆ ಹಾರಿ ಆ ಹಿರಿಯರ ಪಾಲಿಶ್ ಮಾಡಿದ ಬೂಟಿನ ಮೇಲೆ ಕೂತಿತು. ಎಲ್ಲರೂ ಅದನ್ನೇ ನೋಡಿದರು. ಸಾಹೇಬರ ಮುಖ ಹರಳೆಣ್ಣೆ ಕುಡಿದ ಹಾಗಾಯಿತು.

"ಏನಮ್ಮಾ ಇದು?" ಅಂದರು ಹಿರಿಯರು, ನಗಬೇಕೋ ಬೇಡವೋ ತಿಳಿಯದೆ.

"ಅವರೆಕಾಳು ಸಾರ್. ಒಳಗೆ ಲೇಸರ್ ನಿಂತಿದೆ, ಅದಕ್ಕೆ ಹೊರಗೆ ಇದು."

"ಲೇಸರ್ ಯಾಕೆ ನಿಂತಿದೆ?"

ಸಾಹೇಬರು, "ಸಣ್ಣ ಮೆಯಿಂಟೆನೆನ್ಸ್..." ಅಂತ ಬಾಯಿ ಹಾಕಿದರು. ಮೇಡಂ ಪಾತ್ರೆ ಕೆಳಗಿಟ್ಟು, ಕೈ ಒರೆಸಿಕೊಂಡು ಎದ್ದುನಿಂತರು. "ಹಬ್ಬದ ದಿನ ನೀವೆಲ್ಲ ಇದೇ ಬಾಗಿಲಲ್ಲಿ ನಿಂತು ಹಸಿರು ಬೆಳಕು ನೋಡಿದ್ರಲ್ಲ ಸಾರ್. ಯಾರಿಗೂ ಗಾಗಲ್ಸ್ ಕೊಟ್ಟಿರ್ಲಿಲ್ಲ. ಒಂದಿಷ್ಟು ಆಚೀಚೆ ಆಗಿದ್ರೆ ಕಣ್ಣು ನಿಮ್ಮದೂ ಹೋಗ್ತಿತ್ತು. ಇವಳದು ಹೋಯ್ತು" ಅಂದು ನನ್ನ ಹೆಗಲ ಮೇಲೆ ಕೈ ಇಟ್ಟರು. ಆಮೇಲೆ ಟೇಪಿನಿಂದ ಹಾರದವರೆಗೆ ಎಲ್ಲವನ್ನೂ ಹೇಳಿದರು. ದನಿ ಏರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ.

ಹಿರಿಯರು ತಮಗೇ ಗೊತ್ತಿಲ್ಲದೆ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಪರರ ಕಣ್ಣಿನ ಮಾತಾಗಿದ್ದಾಗ ಅಡ್ಜಸ್ಟ್ ಆಗುತ್ತಿದ್ದದ್ದು ತಮ್ಮ ಕಣ್ಣಿನ ಮಾತಾದಾಗ ಆಗಲಿಲ್ಲ. "ಇದೆಲ್ಲ ಸರಿಮಾಡಿದ ಮೇಲೆ ನಮ್ಮನ್ನ ಕರೀರಿ" ಅಂತ ಸಾಹೇಬರಿಗೆ ಹೇಳಿ ಹೊರಟುಹೋದರು. ಅದೇ ವಾರ ಬಾಗಿಲಿಗೆ ಹೊಸ ಸ್ವಿಚ್ ಬಂತು. ಕೆಂಪು ದೀಪ ಕಣ್ಣಿನ ಮಟ್ಟಕ್ಕೆ ಇಳಿಯಿತು, ಅದರ ಸುತ್ತ ಕಬ್ಬಿಣದ ಜಾಲರಿ ಬಂತು. ಮೇಡಂ ತಮ್ಮ ಕೀಯಿಂದ ಮೆಷಿನ್ ಹಚ್ಚಿ, ತಾವೇ ಟೇಪ್ ತಂದು ಹೊಸ ಸ್ವಿಚ್ಚಿಗೆ ಅಂಟಿಸಿ, ಬಾಗಿಲು ತೆಗೆದು, ಕಿರಣ ನಿಂತದ್ದನ್ನು ನೋಡಿದ ಮೇಲೆಯೇ ಸೆರಗಿನ ಗಂಟಿನಿಂದ ಎರಡನೇ ಕೀ ಬಿಚ್ಚಿ ಕೊಟ್ಟರು.

ಗೆದ್ದೆವು ಅಂತ ನಾನು ಕುಣಿದೆ. ಮೇಡಂ ಕುಣಿಯಲಿಲ್ಲ, ಅವರಿಗೆ ಮುಂದಿನದು ಗೊತ್ತಿತ್ತು. ಲ್ಯಾಬ್ ತೆರೆದ ತಿಂಗಳಲ್ಲೇ ಸುರಕ್ಷತೆಯ ಹೊಣೆಯನ್ನು ಅವರಿಂದ ತೆಗೆದು ಇನ್ನೊಬ್ಬರಿಗೆ ಕೊಟ್ಟರು. ನಿವೃತ್ತಿಯ ನಂತರ ಎಲ್ಲ ಹಿರಿಯ ವಿಜ್ಞಾನಿಗಳಿಗೂ ಸಿಗುತ್ತಿದ್ದ ಮುಂದುವರಿಕೆ ಅವರೊಬ್ಬರಿಗೆ ಸಿಗಲಿಲ್ಲ. ಬೀಳ್ಕೊಡುಗೆಯೂ ಇಲ್ಲ, ಒಂದು ಶಾಲೂ ಇಲ್ಲ. ಕೊನೆಯ ದಿನ ನಾನು ಮತ್ತು ಕ್ಯಾಂಟೀನಿನ ಅಕ್ಕ ಅವರ ಪುಸ್ತಕಗಳನ್ನು ಆಟೋಗೆ ತುಂಬಿದೆವು. 'ನಮ್ಮೆಲ್ಲರ ವರ್ಷ ಹಾಳು' ಅಂದಿದ್ದವನು ಮೆಟ್ಟಿಲ ಹತ್ತಿರ ಬಂದು, ಅವರ ಕಾಲು ಮುಟ್ಟಿ ಹೋದ.

ನನ್ನ ಪಿಎಚ್‌ಡಿ ಮುಗಿಯಿತು. ಅಪ್ಪ ಮತ್ತೆ ಬೀದಿಗೆಲ್ಲ ಹೇಳಿದರು. ಬೇರೆ ಕಡೆ ಕೆಲಸ ಸಿಕ್ಕಿತು, ಈಗ ಅಲ್ಲಿಯ ಲೇಸರ್ ಸುರಕ್ಷತೆ ನನ್ನ ಜವಾಬ್ದಾರಿ. ಜಯನಗರದ ಅವರ ಮನೆಗೆ ಹೋಗುತ್ತಲೇ ಇದ್ದೆ. ಹೋದಾಗಲೆಲ್ಲ ನನ್ನ ಲ್ಯಾಬಿನ ಬಾಗಿಲು, ದೀಪ, ಗಾಗಲ್ಸುಗಳ ಯೋಗಕ್ಷೇಮ ವಿಚಾರಿಸಿದ ಮೇಲೆಯೇ ನನ್ನದು. ಒಂದು ಸಲ ಧೈರ್ಯ ಮಾಡಿ ಕೇಳಿದೆ, "ಬೇಜಾರಿದೆಯಾ ಮೇಡಂ?" ಅಂತ. "ಇದೆ ಕಣೇ, ಸುಳ್ಳ್ಯಾಕೆ ಹೇಳ್ಲಿ. ಇನ್ನೂ ನಾಲ್ಕೈದು ವರ್ಷ ಕೆಲಸ ಮಾಡಬಹುದಿತ್ತು. ಬೆಳಿಗ್ಗೆ ಎದ್ರೆ ಲ್ಯಾಬ್ ನೆನಪಾಗುತ್ತೆ" ಅಂದರು. "ಆದ್ರೆ ಕೀ ಕೊಟ್ಟಿದ್ರೆ ನಿನ್ನ ಮುಖ ನೋಡೋಕಾಗ್ತಿರ್ಲಿಲ್ಲ. ಬಾ, ಊಟಕ್ಕೆ ಏಳು."

ಹೋದ ವರ್ಷ ಮೇಡಂ ತೀರಿಕೊಂಡರು. ಹೃದಯದ್ದು, ಆಸ್ಪತ್ರೆಗೆ ಕೊಂಡೊಯ್ಯುವಷ್ಟೂ ಹೊತ್ತು ಕೊಡಲಿಲ್ಲ. ಸುದ್ದಿ ಬಂದಾಗ ನಾನು ಸಿದ್ದಾಪುರದ ಸಿಗ್ನಲ್ಲಿನಲ್ಲಿದ್ದೆ. ಗಾಡಿ ಪಕ್ಕಕ್ಕೆ ಹಾಕಿ ಫುಟ್‌ಪಾತಿನ ಮೇಲೆ ಕೂತು, ಹೋಗಿಬರುವವರ ಮುಂದೆ ನಾಚಿಕೆಯಿಲ್ಲದೆ ಅತ್ತೆ. ನನ್ನ ಪಾಲಿಗೆ ಅವರು ಹೆತ್ತ ತಾಯಿಗಿಂತ ಒಂದು ಹಿಡಿ ಹೆಚ್ಚು. ಇದನ್ನು ಅಮ್ಮನ ಎದುರೇ ಹೇಳಿದ್ದೇನೆ. ಅಮ್ಮ ಹೌದು ಅಂದಿದ್ದಾಳೆ.

ಆ ಸಂಸ್ಥೆಯವರು ಶ್ರದ್ಧಾಂಜಲಿ ಸಭೆ ಇಟ್ಟರು. ಇರುವಾಗ ಶಾಲು ಹೊದಿಸದವರು ಫೋಟೋಗೆ ಹಾರ ಹಾಕಿದ್ದರು. ಸಾಹೇಬರು ಈಗ ಅಲ್ಲಿ ಸಲಹೆಗಾರರು, ಮಾತು ಇನ್ನೂ ಬೆಣ್ಣೆಯೇ. ಹೊಸ ವಿದ್ಯಾರ್ಥಿಗಳು ಸಾಲಾಗಿ ಕೂತಿದ್ದರು, ಮೇಡಂ ಯಾರೆಂದೇ ಅವರಿಗೆ ಗೊತ್ತಿಲ್ಲ. ಸಾಹೇಬರು ಮೈಕಿನಲ್ಲಿ, "ತುಂಬಾ ಸೌಮ್ಯ ಸ್ವಭಾವ. ಎಲ್ಲರ ಜೊತೆ ಹೊಂದಿಕೊಂಡು ಹೋದವರು. ಒಮ್ಮೆ ಒಬ್ಬ ವಿದ್ಯಾರ್ಥಿನಿ ಗಾಗಲ್ಸ್ ಹಾಕದೆ ಸಣ್ಣ ಅಪಘಾತ ಮಾಡಿಕೊಂಡಾಗಲೂ ಅವರು ಸಂಸ್ಥೆಗೆ ಬೆಂಬಲವಾಗಿ ನಿಂತರು" ಅಂದರು. ಆಮೇಲೆ ಹಳೇ ಶಿಷ್ಯೆ ಎರಡು ಮಾತಾಡಲಿ ಅಂತ ನನ್ನನ್ನು ಕರೆದರು. ಪಕ್ಕದಲ್ಲಿದ್ದವರು ಮೆಲ್ಲಗೆ, "ನಾಲ್ಕು ಒಳ್ಳೇ ಮಾತು ಹೇಳಿ ಮುಗಿಸ್ಬಿಡಿ" ಅಂದರು.

ಮೈಕ್ ಹಿಡಿದೆ. "ಆ ವಿದ್ಯಾರ್ಥಿನಿ ನಾನು" ಅಂದೆ. "ಅಪಘಾತ ನಾನು ಮಾಡಿಕೊಂಡದ್ದಲ್ಲ. ಬಾಗಿಲಿನ ಸ್ವಿಚ್ಚಿಗೆ ಟೇಪ್ ಅಂಟಿಸಿದ್ದರು, ದೀಪದ ಮೇಲೆ ಹಾರ ಹಾಕಿದ್ದರು, ಮೇಡಂ ಇಲ್ಲದಾಗ ಡ್ರಾಯರಿನ ಕೀ ತೆಗೆದು ಲೇಸರ್ ಹಚ್ಚಿದ್ದರು. ಮೇಡಂ ಸೌಮ್ಯ ಅಲ್ಲ. ಹೊಂದಿಕೊಂಡು ಹೋದವರೂ ಅಲ್ಲ. ಹೊಂದಿಕೊಳ್ಳಲಿಲ್ಲ ಅಂತಲೇ ಅವರನ್ನ ಇಲ್ಲಿಂದ ಕಳಿಸಿದ್ರಿ. ಹೊಂದಿಕೊಳ್ಳಲಿಲ್ಲ ಅಂತಲೇ ಇಲ್ಲಿ ಕೂತಿರೋ ಮಕ್ಕಳು ಎರಡೂ ಕಣ್ಣಿಟ್ಟುಕೊಂಡು ಕೆಲಸ ಮಾಡ್ತಿದಾರೆ."

ಸಭೆಯಲ್ಲಿ ಗುಸುಗುಸು ಎದ್ದಿತು. ಸಾಹೇಬರು ಕುರ್ಚಿಯಿಂದ ಎದ್ದು, ಎರಡೂ ಕೈ ಎತ್ತಿ ಎಲ್ಲರಿಗೂ ಸಮಾಧಾನ ಹೇಳುವ ಹಾಗೆ ನಕ್ಕರು. "ಪಾಪ, ತುಂಬಾ ಹತ್ತಿರದವರು. ಭಾವುಕರಾಗಿದ್ದಾರೆ" ಅಂದರು.

"ಭಾವುಕಳಾಗಿಲ್ಲ ಸಾರ್, ಸಿಟ್ಟಾಗಿದೀನಿ" ಅಂದೆ. "ಕೂತ್ಕೊಳ್ಳಿ. ಇನ್ನೂ ಮುಗಿದಿಲ್ಲ."

ಅವರು ಕೂತರು. ನಾನು ಮುಂದುವರಿಸಿದೆ.